ಸ್ಪ್ರಿಂಗ್ ಟ್ರೇನಿಂಗ್ ಬೇಸ್‌ಬಾಲ್ ನೋಡಲು ಹೊರಟಿದ್ದೀರಾ? ಟಿಕೆಟ್ ಕೊಳ್ಳುವ ಮುಂಚೆ ಇದನ್ನು ಓದಿ

ಅರಿಜೋನಾಕ್ಕೆ ಬಂದ ಮೊದಲ ಮಾರ್ಚ್‌ನಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ದೊಡ್ಡ ಹೆಸರುಗಳನ್ನೆಲ್ಲ ಒಂದೇ ಮಧ್ಯಾಹ್ನ ನೋಡಿಬಿಡೋಣ ಎಂದು, ಅವರು ನಮ್ಮ ಮನೆ ಹತ್ತಿರದ ಸ್ಟೇಡಿಯಂಗೆ ಆಡಲು ಬರುವ ದಿನಕ್ಕೆ ಟಿಕೆಟ್ ಕೊಂಡೆ. ಅಪ್ಪ, ಅಮ್ಮ ಊರಿಂದ ಬಂದಿದ್ದರು. ಇಬ್ಬರನ್ನೂ ಕರೆದುಕೊಂಡು ಹೋದೆ. ಬಸ್ಸಿಂದ ಇಳಿದವರಲ್ಲಿ ನಾನು ಹೆಸರು ಕೇಳಿದವರು ಇಬ್ಬರೋ ಮೂವರೋ. ಉಳಿದವರೆಲ್ಲ ಬೆನ್ನ ಮೇಲೆ 87, 94 ಅಂತ ನಂಬರ್ ಹೊತ್ತ ಹುಡುಗರು. ಐದನೇ ಇನ್ನಿಂಗ್ಸ್ ಹೊತ್ತಿಗೆ ಆ ಇಬ್ಬರು ಮೂವರೂ ಮಾಯ.

"ಏನೋ ಇದು, ಸ್ಕೋರ್ ಎಷ್ಟಾಯ್ತು ಅಂತ ಒಬ್ಬರೂ ನೋಡ್ತಾ ಇಲ್ವಲ್ಲೋ" ಎಂದರು ಅಪ್ಪ. ಆಮೇಲೆ ಅವರೇ, "ಓ, ಇದು ನೆಟ್ಸು. ಟಿಕೆಟ್ ಹಾಕಿ ತೋರಿಸ್ತಾ ಇದಾರೆ, ಅಷ್ಟೇ" ಎಂದು ತೀರ್ಮಾನ ಕೊಟ್ಟರು.

ಅಪ್ಪ ಹೇಳಿದ್ದು ಸರಿಯಾಗೇ ಇತ್ತು. ನೆಟ್ಸ್ ನೋಡಲು ಹೋಗುತ್ತಿದ್ದೇವೆ ಎಂದುಕೊಂಡು ಹೋದರೆ ಇಷ್ಟು ಹತ್ತಿರದಿಂದ ಇಷ್ಟು ದೊಡ್ಡ ಆಟಗಾರರನ್ನು ನೋಡುವ ಜಾಗ ಇನ್ನೊಂದಿಲ್ಲ. ಪಂದ್ಯ ನೋಡಲು ಹೋದರೆ ನಿರಾಸೆ.

ಮೊದಲು, ಇದು ಏನು, ಎಲ್ಲಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ (ಎಂಎಲ್‌ಬಿ) 30 ತಂಡಗಳಿವೆ. ಅಸಲಿ ಸೀಸನ್ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಅದಕ್ಕೂ ಮುಂಚೆ, ಉತ್ತರದ ಊರುಗಳಲ್ಲಿ ಇನ್ನೂ ಹಿಮ ಇರುವಾಗ, ತಂಡಗಳೆಲ್ಲ ಬಿಸಿಲಿರುವ ಕಡೆ ಬಂದು ಮೈ ಸಡಿಲ ಮಾಡಿಕೊಳ್ಳುತ್ತವೆ. 15 ತಂಡ ಅರಿಜೋನಾದ ಫೀನಿಕ್ಸ್ ಸುತ್ತ, 15 ತಂಡ ಫ್ಲೋರಿಡಾದಲ್ಲಿ. ಫೆಬ್ರವರಿ ಮಧ್ಯದಲ್ಲಿ ಚೆಂಡು ಎಸೆಯುವ ಪಿಚರ್‌ಗಳು, ಅದನ್ನು ಹಿಡಿಯುವ ಕ್ಯಾಚರ್‌ಗಳು ಮೊದಲು ಬರುತ್ತಾರೆ. ಕೆಲವು ದಿನ ಬಿಟ್ಟು ಉಳಿದವರು. ಫೆಬ್ರವರಿ ಮೂರನೇ ವಾರದ ಆಸುಪಾಸಿನಿಂದ ದಿನಾ ಪಂದ್ಯ.

ಅರಿಜೋನಾದ್ದಕ್ಕೆ ಕ್ಯಾಕ್ಟಸ್ ಲೀಗ್ ಎಂದು ಹೆಸರು. ಇಲ್ಲಿನ ಪಾಪಾಸುಕಳ್ಳಿ ನೋಡಿದವರಿಗೆ ಯಾಕೆ ಎಂದು ಹೇಳಬೇಕಿಲ್ಲ. 1947ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಟೂಸಾನ್‌ಗೆ, ನ್ಯೂಯಾರ್ಕ್ ಜೈಂಟ್ಸ್ ಫೀನಿಕ್ಸ್‌ಗೆ ಬಂದಿದ್ದೇ ಇದರ ಶುರು. ಫ್ಲೋರಿಡಾದ್ದು ಗ್ರೇಪ್‌ಫ್ರೂಟ್ ಲೀಗ್. ಆ ಹೆಸರಿನ ಹಿಂದೆ ಒಂದು ತಮಾಷೆ ಕಥೆ ಹೇಳುತ್ತಾರೆ. 1915ರಲ್ಲಿ ಬ್ರೂಕ್ಲಿನ್ ತಂಡದ ಮ್ಯಾನೇಜರ್ ವಿಲ್ಬರ್ಟ್ ರಾಬಿನ್ಸನ್, ವಿಮಾನದಿಂದ ಎಸೆದ ಚೆಂಡನ್ನು ಹಿಡಿಯುತ್ತೇನೆ ಎಂದು ಡೇಟೋನಾ ಬೀಚ್‌ನಲ್ಲಿ ಸವಾಲು ಹಾಕಿ ನಿಂತನಂತೆ. ವಿಮಾನ ಓಡಿಸಿದ ರೂತ್ ಲಾ ಎಂಬಾಕೆ ಚೆಂಡಿನ ಬದಲು ಗ್ರೇಪ್‌ಫ್ರೂಟ್ ಹಣ್ಣು ಬಿಟ್ಟಳು. ನಮ್ಮ ಚಕ್ಕೋತದ ತಮ್ಮನ ಹಾಗಿರುವ ಹಣ್ಣು. ಅದು ಎದೆಗೆ ಬಿದ್ದು ಒಡೆದು ರಸ ಹರಿದಾಗ, ರಕ್ತ ಸುರಿಯುತ್ತಿದೆ ಎಂದು ಮನುಷ್ಯ ಕಿರುಚಿಕೊಂಡನಂತೆ.

ಅರಿಜೋನಾವೋ, ಫ್ಲೋರಿಡಾವೋ

ನೀವಿರುವ ಊರಿನ ತಂಡ ಎಲ್ಲಿಗೆ ಬರುತ್ತದೆ ಎಂದು ನೋಡಿ, ಅಲ್ಲಿಗೇ ಹೋಗಿ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದವರಿಗೆ ಜೈಂಟ್ಸ್ ಸ್ಕಾಟ್ಸ್‌ಡೇಲ್‌ನಲ್ಲಿ ಸಿಗುತ್ತದೆ. ಲಾಸ್ ಏಂಜಲೀಸ್‌ನವರಿಗೆ ಡಾಡ್ಜರ್ಸ್ ಗ್ಲೆಂಡೇಲ್‌ನಲ್ಲಿ, ಸಿಯಾಟಲ್‌ನವರಿಗೆ ಮ್ಯಾರಿನರ್ಸ್ ಪಿಯೋರಿಯಾದಲ್ಲಿ, ಡಲ್ಲಾಸ್‌ನವರಿಗೆ ರೇಂಜರ್ಸ್ ಸರ್ಪ್ರೈಸ್ ಎಂಬ ಊರಿನಲ್ಲಿ (ಹೌದು, ಊರಿನ ಹೆಸರೇ ಅದು), ಶಿಕಾಗೋದವರಿಗೆ ಕಬ್ಸ್ ಮೇಸಾದಲ್ಲಿ. ಪೂರ್ವದ ಕಡೆಯವರಿಗೆ ಫ್ಲೋರಿಡಾ: ಯಾಂಕೀಸ್ ಟ್ಯಾಂಪಾ, ಮೆಟ್ಸ್ ಪೋರ್ಟ್ ಸೇಂಟ್ ಲೂಸಿ, ಬಾಸ್ಟನ್ ರೆಡ್ ಸಾಕ್ಸ್ ಫೋರ್ಟ್ ಮೈಯರ್ಸ್, ಅಟ್ಲಾಂಟಾ ಬ್ರೇವ್ಸ್ ನಾರ್ತ್ ಪೋರ್ಟ್.

ಯಾವ ತಂಡದ ಮೇಲೂ ಪ್ರೀತಿ ಇಲ್ಲ, ಸುಮ್ನೆ ಅನುಭವ ಬೇಕು ಅನ್ನುವವರು ಅರಿಜೋನಾಕ್ಕೆ ಬನ್ನಿ. ನಾನು ಇಲ್ಲಿರುವುದಕ್ಕೆ ಹೇಳುತ್ತಿಲ್ಲ. ಇಲ್ಲಿ 15 ತಂಡಗಳು 10 ಸ್ಟೇಡಿಯಂಗಳಲ್ಲಿ ಆಡುತ್ತವೆ, ಹತ್ತೂ ಫೀನಿಕ್ಸ್ ಸುತ್ತಮುತ್ತಲೇ ಇವೆ. ಪೂರ್ವದ ತುದಿಯ ಮೇಸಾದಿಂದ ಪಶ್ಚಿಮದ ಸರ್ಪ್ರೈಸ್‌ಗೆ ಹೋದರೂ ಸುಮಾರು 45 ಮೈಲಿ. ಮಧ್ಯಾಹ್ನ ಒಂದು ಪಂದ್ಯ, ರಾತ್ರಿ ಇನ್ನೊಂದು ಎಂದು ಎರಡು ನೋಡುವವರೂ ಇದ್ದಾರೆ. ಫ್ಲೋರಿಡಾದಲ್ಲಿ ಸ್ಟೇಡಿಯಂಗಳು ಎರಡು ಕರಾವಳಿಗೂ ಹರಡಿವೆ, ಮಳೆಯ ಕಾಟವೂ ಜಾಸ್ತಿ. ಆದರೆ ಹಳೇ ಕಾಲದ ಚಂದ ಬೇಕೆಂದರೆ ಅಲ್ಲಿಯದೇ ಬೇರೆ. ಪಿಟ್ಸ್‌ಬರ್ಗ್ ಪೈರೇಟ್ಸ್ ಆಡುವ ಬ್ರೇಡೆಂಟನ್ ಸ್ಟೇಡಿಯಂ 1923ರದ್ದು. ನಮ್ಮವರಿಗೆ ಆ ಊರಿನ ಜೊತೆ ಇನ್ನೊಂದು ನಂಟೂ ಇದೆ. 2008ರಲ್ಲಿ ಪೈರೇಟ್ಸ್ ಸೇರಿದ ಭಾರತದ ಪಿಚರ್‌ಗಳಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ತಯಾರಾಗಿದ್ದು ಅಲ್ಲೇ. (ಕ್ರಿಕೆಟ್‌ನ ರಿಂಕು ಸಿಂಗ್ ಅಲ್ಲ, ಇವರು ಬೇರೆ.)

ಇನ್ನು ಮುಂದೆ ನಾನು ಹೇಳುವುದೆಲ್ಲ ಅರಿಜೋನಾದ ಲೆಕ್ಕ.

ದಿನ ಆರಿಸುವುದು: ಎಲ್ಲಕ್ಕಿಂತ ಮುಖ್ಯ

ಶುರುವಿನ ವಾರದಲ್ಲಿ ಪಿಚರ್ ಒಂದೋ ಎರಡೋ ಇನ್ನಿಂಗ್ಸ್ ಎಸೆದು ಹೊರಡುತ್ತಾನೆ. ಹೆಸರಾಂತ ಬ್ಯಾಟರ್ ಎರಡು ಸಲ ಬ್ಯಾಟ್ ಬೀಸಿ ಸ್ನಾನಕ್ಕೆ ಹೋಗುತ್ತಾನೆ. ಮಾರ್ಚ್ ಕೊನೆಗೆ ಬರುತ್ತಾ ಪಿಚರ್‌ಗಳು ಐದಾರು ಇನ್ನಿಂಗ್ಸ್ ಎಸೆಯುತ್ತಾರೆ, ಆಟಕ್ಕೆ ನಿಜವಾದ ಪಂದ್ಯದ ಕಳೆ ಬರುತ್ತದೆ. ಹಾಗಾಗಿ ಆಟವೇ ಮುಖ್ಯ ಅನ್ನುವವರು ಮಾರ್ಚ್ 15ರ ನಂತರ ಬನ್ನಿ. ಹಸ್ತಾಕ್ಷರ, ಫೋಟೋ, ಖಾಲಿ ಸೀಟು, ಕಡಿಮೆ ದುಡ್ಡು ಬೇಕೆಂದವರು ಫೆಬ್ರವರಿಯಲ್ಲೇ ಬನ್ನಿ. ಮಧ್ಯದ ವಾರಗಳಲ್ಲಿ ಶಾಲೆಗಳಿಗೆ ಸ್ಪ್ರಿಂಗ್ ಬ್ರೇಕ್, ಹೋಟೆಲ್ ಬಾಡಿಗೆ ನೋಡಿದರೆ ತಲೆ ತಿರುಗುತ್ತದೆ.

ಇನ್ನೊಂದು ವಿಷಯ. ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ನಡೆಯುವ ವರ್ಷ (2023, 2026ರಲ್ಲಿ ನಡೆದ ಹಾಗೆ) ಮಾರ್ಚ್ ಮೊದಲರ್ಧದಲ್ಲಿ ಬಹಳಷ್ಟು ತಾರೆಗಳು ಅವರವರ ದೇಶದ ತಂಡದ ಜೊತೆ ಹೊರಟುಹೋಗಿರುತ್ತಾರೆ.

ದಿನ ಗೊತ್ತಾಯಿತು. ಈಗ ಪಂದ್ಯ. ನಾನು ಮಾಡಿದ ತಪ್ಪು ಇಲ್ಲಿಯದು. ಹಳೇ ಆಟಗಾರರಿಗೆ ಬಸ್ ಹತ್ತಿ ಇನ್ನೊಂದು ಊರಿಗೆ ಹೋಗಿ ಆಡಲು ಬೇಜಾರು, ತಂಡಗಳೂ ಒತ್ತಾಯ ಮಾಡುವುದಿಲ್ಲ. ಪ್ರವಾಸಿ ತಂಡ ಕನಿಷ್ಠ ನಾಲ್ವರು ಮುಖ್ಯ ಆಟಗಾರರನ್ನಾದರೂ ಕರೆತರಬೇಕು ಎಂಬ ನಿಯಮ ಇದೆ. ಆದರೆ ಆ ನಾಲ್ವರಲ್ಲಿ ನಿಮಗೆ ಬೇಕಾದವರು ಇರಬೇಕಲ್ಲ. ಆದ್ದರಿಂದ ಯಾರನ್ನು ನೋಡಬೇಕೋ ಅವರ ತಂಡದ ಸ್ವಂತ ಸ್ಟೇಡಿಯಂಗೇ ಹೋಗಿ. ಡಾಡ್ಜರ್ಸ್‌ನ ತಾರೆ ಓಟಾನಿ ಬೇಕಾ, ಗ್ಲೆಂಡೇಲ್‌ನ ಕ್ಯಾಮಲ್‌ಬ್ಯಾಕ್ ರಾಂಚ್‌ಗೆ ಹೋಗಿ. ಮನೆಗೆ ದೂರ ಆದರೂ ಸರಿ.

ಇದರಲ್ಲೇ ಒಂದು ಉಪಾಯ ಉಂಟು. ಐದು ಸ್ಟೇಡಿಯಂಗಳಲ್ಲಿ ಎರಡೆರಡು ತಂಡ ಬಿಡಾರ ಹೂಡಿರುತ್ತವೆ: ಕ್ಯಾಮಲ್‌ಬ್ಯಾಕ್ ರಾಂಚ್‌ನಲ್ಲಿ ಡಾಡ್ಜರ್ಸ್–ವೈಟ್ ಸಾಕ್ಸ್, ಸಾಲ್ಟ್ ರಿವರ್ ಫೀಲ್ಡ್ಸ್‌ನಲ್ಲಿ ಡೈಮಂಡ್‌ಬ್ಯಾಕ್ಸ್–ರಾಕೀಸ್, ಪಿಯೋರಿಯಾದಲ್ಲಿ ಪಾಡ್ರೇಸ್–ಮ್ಯಾರಿನರ್ಸ್, ಗುಡ್‌ಇಯರ್‌ನಲ್ಲಿ ರೆಡ್ಸ್–ಗಾರ್ಡಿಯನ್ಸ್, ಸರ್ಪ್ರೈಸ್‌ನಲ್ಲಿ ರಾಯಲ್ಸ್–ರೇಂಜರ್ಸ್. ಈ ಅಕ್ಕಪಕ್ಕದ ಮನೆಯವರು ತಮ್ಮತಮ್ಮಲ್ಲೇ ಆಡುವ ದಿನ ಯಾರೂ ಬಸ್ ಹತ್ತಬೇಕಿಲ್ಲ. ಎರಡೂ ಕಡೆ ಒಳ್ಳೆಯವರು ಇಳಿಯುವ ಸಾಧ್ಯತೆ ಜಾಸ್ತಿ.

ವೇಳಾಪಟ್ಟಿಯಲ್ಲಿ ತಂಡದ ಹೆಸರಿನ ಮುಂದೆ ಎಸ್‌ಎಸ್ ಎಂದಿದ್ದರೆ ಜೋಪಾನ. ಸ್ಪ್ಲಿಟ್ ಸ್ಕ್ವಾಡ್, ಅಂದರೆ ತಂಡವನ್ನು ಎರಡು ಭಾಗ ಮಾಡಿ ಅದೇ ದಿನ ಎರಡು ಕಡೆ ಆಡಿಸುತ್ತಾರೆ. ನಿಮ್ಮ ಪಾಲಿಗೆ ಯಾವ ಅರ್ಧ ಬರುತ್ತದೋ ಹೇಳಲಾಗದು.

ಟಿಕೆಟ್ ಮತ್ತು ಸೀಟು

ತಂಡದ ವೆಬ್‌ಸೈಟ್‌ನಲ್ಲಿ ಕೊಂಡರೆ ಟಿಕೆಟ್ ಎಂಎಲ್‌ಬಿ ಬಾಲ್‌ಪಾರ್ಕ್ ಆ್ಯಪ್‌ಗೆ ಬರುತ್ತದೆ. ಮನೆಯಲ್ಲೇ ಆ್ಯಪ್ ತೆರೆದು ಟಿಕೆಟ್ ಕಾಣುತ್ತಿದೆಯಾ ಎಂದು ನೋಡಿಕೊಂಡು ಹೊರಡಿ. ಗೇಟಿನಲ್ಲಿ ಪಾಸ್‌ವರ್ಡ್ ಮರೆತು ನಿಂತವರನ್ನು ಪ್ರತಿ ಸಲ ನೋಡುತ್ತೇನೆ. ಕಬ್ಸ್, ಡಾಡ್ಜರ್ಸ್ ಟಿಕೆಟ್‌ಗೆ ಯಾವಾಗಲೂ ಗಿರಾಕಿ ಹೆಚ್ಚು, ಅದರಲ್ಲೂ ಶನಿವಾರ, ಭಾನುವಾರ. ವಾರದ ನಡುವೆ, ಅಷ್ಟು ಹೆಸರಿಲ್ಲದ ಎರಡು ತಂಡ ಆಡುವಾಗ ಬೆಲೆ ಇಳಿದಿರುತ್ತದೆ, ಮರುಮಾರಾಟದ ಸೈಟುಗಳಲ್ಲಿ ಆ ಬೆಳಿಗ್ಗೆ ನೋಡಿದರೂ ಸಿಗುತ್ತದೆ. ನನ್ನ ಮಟ್ಟಿಗೆ ಅತಿ ಖುಷಿಯ ಮಧ್ಯಾಹ್ನಗಳು ಅಂಥ ಮಂಗಳವಾರಗಳೇ.

ಸೀಟಿನ ವಿಷಯದಲ್ಲಿ ಎರಡೇ ಪ್ರಶ್ನೆ: ನೆರಳು ಬೇಕಾ, ಹುಲ್ಲು ಬೇಕಾ?

ಇಲ್ಲಿನ ಸ್ಟೇಡಿಯಂಗಳಲ್ಲಿ ಔಟ್‌ಫೀಲ್ಡ್ ಆಚೆ ಹುಲ್ಲಿನ ಇಳಿಜಾರು ಇರುತ್ತದೆ. ಲಾನ್ ಸೀಟ್ ಎನ್ನುತ್ತಾರೆ. ಅಲ್ಲಿ ನಂಬರ್ ಇಲ್ಲ, ಮೊದಲು ಬಂದವರಿಗೆ ಜಾಗ. ಟಿಕೆಟ್‌ಗಳಲ್ಲೇ ಅಗ್ಗ. ಜಮಖಾನ ಹಾಸಿ ಕೂತರೆ ಆಯಿತು, ಮಕ್ಕಳು ಉರುಳಾಡಿಕೊಂಡಿರುತ್ತವೆ. ಚಿಕ್ಕ ಮಕ್ಕಳಿರುವವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ಅಲ್ಲಿ ಒಂದು ಹನಿ ನೆರಳಿಲ್ಲ. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆತಂದಿದ್ದರೆ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದೆ, ಮೇಲಿನ ಸಾಲುಗಳಲ್ಲಿ, ಚಾವಣಿ ಕೆಳಗೆ ಕೊಳ್ಳಿ. ಹತ್ತು ಡಾಲರ್ ಉಳಿಸಲು ಹೋಗಿ ಮೂರು ಗಂಟೆ ಅಮ್ಮನ ಮುಖ ನೋಡಬೇಕಾಗುತ್ತದೆ.

ತೀರಾ ಮುಂದಿನ ಸಾಲಿಗೆ ದುಡ್ಡು ಸುರಿಯುವುದು ಬೇಡ. ಇವು ಸಣ್ಣ ಸ್ಟೇಡಿಯಂಗಳು. ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ 56,000 ಜನ ಹಿಡಿಯುತ್ತಾರೆ. ಇಲ್ಲಿ ಎಲ್ಲಕ್ಕಿಂತ ದೊಡ್ಡದು, ಮೇಸಾದ ಸ್ಲೋನ್ ಪಾರ್ಕ್, ಅದರಲ್ಲೂ ಸುಮಾರು 15,000. ಎಲ್ಲಿ ಕೂತರೂ ಚೆಂಡು ಗ್ಲೌಸಿಗೆ ಬೀಳುವ ಸದ್ದು ಕೇಳುತ್ತದೆ.

ಏನು ಕೊಂಡೊಯ್ಯಬೇಕು

ಮಾರ್ಚ್‌ನಲ್ಲಿ ಹಗಲು 25 ಡಿಗ್ರಿ ಆಸುಪಾಸು, ಕೊನೆಗೆ 30 ದಾಟುವ ದಿನವೂ ಉಂಟು. ದಾವಣಗೆರೆಯ ಬಿಸಿಲು ಕಂಡವರು ಇದಕ್ಕೆ ನಗಬಹುದು. ನಗಬೇಡಿ. ಇಲ್ಲಿ ಗಾಳಿಯಲ್ಲಿ ತೇವವೇ ಇಲ್ಲ, ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಹೆಚ್ಚಿನ ಪಂದ್ಯಗಳು ಮಧ್ಯಾಹ್ನ 1 ಗಂಟೆ 5 ನಿಮಿಷಕ್ಕೆ ಶುರು, ಅಂದರೆ ನಡುನೆತ್ತಿಯ ಸೂರ್ಯ. ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ತಂಪು ಕನ್ನಡಕ. ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಯಾಕೆ ಎಂದ ನನ್ನ ಮಾವನ ಕಿವಿ ತುದಿ ಎರಡು ದಿನ ಸಿಪ್ಪೆ ಏಳುತ್ತಿತ್ತು. ರಾತ್ರಿ ಪಂದ್ಯಕ್ಕೆ ಸ್ವೆಟರ್ ಬೇಕು, ಸೂರ್ಯ ಮುಳುಗಿದ್ದೇ ತಡ ಮರುಭೂಮಿ ತಣ್ಣಗಾಗುತ್ತದೆ.

ನೀರು, ಬುತ್ತಿ, ಬ್ಯಾಗು: ಈ ಮೂರಕ್ಕೂ ಒಂದೊಂದು ಸ್ಟೇಡಿಯಂನಲ್ಲಿ ಒಂದೊಂದು ಕಾನೂನು. ಹೊರಡುವ ಹಿಂದಿನ ರಾತ್ರಿ ಆ ಸ್ಟೇಡಿಯಂನ ಪುಟದಲ್ಲಿ ನೋಡಿ. ಬ್ಯಾಗ್ ಪಾರದರ್ಶಕ ಪ್ಲಾಸ್ಟಿಕ್‌ನದಾದರೆ ಎಲ್ಲಾ ಕಡೆ ಸಲೀಸು. ಮನೆ ತಿಂಡಿ ಬಿಡುತ್ತಾರೆ ಎಂದಾದರೆ ಚಪಾತಿ ರೋಲ್ ಕಟ್ಟಿಕೊಳ್ಳಿ, ಚಿತ್ರಾನ್ನ ಬೇಡ. ತೊಡೆ ಮೇಲೆ ಡಬ್ಬ ಇಟ್ಟುಕೊಂಡಾಗಲೇ ಪಕ್ಕದವರು ಎದ್ದು ನಿಂತು ಕುಣಿಯುತ್ತಾರೆ.

ಒಳಗೆ ಸಸ್ಯಾಹಾರಿಗಳಿಗೆ ಪ್ರೆಟ್ಜೆಲ್, ಪಾಪ್‌ಕಾರ್ನ್, ನಾಚೋಸ್ ಇರುತ್ತವೆ. ನಾಚೋಸ್ ಜೊತೆ ಬೀನ್ಸ್ ಹಾಕುತ್ತಾರಾದರೆ ಹಂದಿ ಕೊಬ್ಬು ಸೇರಿಸಿದ್ದಾರಾ ಎಂದು ಕೇಳಿ, ಮೆಕ್ಸಿಕನ್ ಅಡಿಗೆಯಲ್ಲಿ ಅದು ಮಾಮೂಲು. ಯಾವ ಚಿಂತೆಯೂ ಇಲ್ಲದ್ದು ಕಡಲೆಕಾಯಿ. ಸಿಪ್ಪೆ ಸಮೇತ ಹುರಿದದ್ದು, ಉಪ್ಪು ಹಾಕಿದ್ದು. ಸಿಪ್ಪೆ ಕಾಲ ಕೆಳಗೇ ಬಿಸಾಡಬಹುದು, ಯಾರೂ ಏನೂ ಅನ್ನುವುದಿಲ್ಲ. ಏಳನೇ ಇನ್ನಿಂಗ್ಸ್ ಹೊತ್ತಿಗೆ ಸಾಲುಗಳ ನಡುವೆ ನಡೆದರೆ ಬಸವನಗುಡಿ ಪರಿಷೆ ಮುಗಿದ ಬೆಳಿಗ್ಗೆಯ ಹಾಗೆ ಚರಚರ ಸದ್ದು.

ಬೆಳಿಗ್ಗೆಯೇ ಹೋಗಿ

ಬಹಳ ಜನ ಬಿಟ್ಟುಬಿಡುವ ಭಾಗ ಇದು, ನನಗೆ ತುಂಬಾ ಇಷ್ಟದ್ದೂ ಇದೇ. ಮುಖ್ಯ ಮೈದಾನದ ಹಿಂದೆ ಅಭ್ಯಾಸದ ಮೈದಾನಗಳು ಇರುತ್ತವೆ, ಬ್ಯಾಕ್ ಫೀಲ್ಡ್ಸ್ ಎನ್ನುತ್ತಾರೆ. ಹಲವು ಕಡೆ ಬೆಳಗಿನ ಅಭ್ಯಾಸ ನೋಡಲು ಟಿಕೆಟ್ಟೇ ಬೇಡ. ಕ್ಯಾಮಲ್‌ಬ್ಯಾಕ್ ರಾಂಚ್‌ನಲ್ಲಿ ಮೈದಾನಗಳ ನಡುವೆ ನಡೆಯುವ ದಾರಿ, ಒಂದು ಕೊಳ, ಕಿತ್ತಳೆ ಮರಗಳು. ಆಟಗಾರರು ಒಂದು ಮೈದಾನದಿಂದ ಇನ್ನೊಂದಕ್ಕೆ ನಿಮ್ಮ ಪಕ್ಕದಲ್ಲೇ ಹಾದು ಹೋಗುತ್ತಾರೆ. ಪಿಚರ್‌ಗಳು ಎಸೆದು ಅಭ್ಯಾಸ ಮಾಡುವ ಬುಲ್‌ಪೆನ್‌ನ ಬೇಲಿ ಪಕ್ಕ ನಿಂತು ಗಂಟೆಗೆ 95 ಮೈಲಿ ವೇಗದ ಚೆಂಡು ಹೋಗುವುದನ್ನು ಒಮ್ಮೆ ನೋಡಿ. ಅಪ್ಪ ಕಾಲೇಜಿನಲ್ಲಿ ವೇಗದ ಬೌಲಿಂಗ್ ಮಾಡಿದವರು. ಬೇಲಿ ಹಿಡಿದು ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ಪಿಚ್ಚೇ ಬೀಳಲ್ಲ, ನೇರ ಬರತ್ತೆ. ಆಡೋದು ಹೇಗೋ" ಎಂದರು.

ಮಕ್ಕಳಿಗೆ ಹಸ್ತಾಕ್ಷರ ಬೇಕಿದ್ದರೆ ಗೇಟ್ ತೆರೆದ ಕೂಡಲೇ ಒಳಗೆ ಹೋಗಿ, ಆ ತಂಡದ ಡಗೌಟ್ ಕಡೆಯ ಫೌಲ್ ಲೈನ್ (ಮೈದಾನದ ಅಂಚಿನ ಗೆರೆ) ಉದ್ದಕ್ಕೂ, ಔಟ್‌ಫೀಲ್ಡ್ ಕಡೆಗೆ ನಿಲ್ಲಿ. ಚೆಂಡು, ಮಾರ್ಕರ್ ಪೆನ್ ನಿಮ್ಮ ಹತ್ತಿರವೇ ಇರಲಿ, ಮುಚ್ಚಳ ತೆಗೆದಿರಲಿ. ಮಗು ಕೇಳಲಿ, ನೀವು ಹಿಂದೆ ನಿಲ್ಲಿ. ಆಟಗಾರನನ್ನು ಮಿಸ್ಟರ್ ಸೇರಿಸಿ ಮನೆತನದ ಹೆಸರಿನಿಂದ ಕರೆದರೆ ತಿರುಗಿ ನೋಡುವುದು ಹೆಚ್ಚು. ಇನ್ನೊಂದು ಒಳ್ಳೆ ಹೊತ್ತು ಪಂದ್ಯದ ನಡುವೆಯೇ ಬರುತ್ತದೆ. ಕೆಲಸ ಮುಗಿಸಿದ ಆಟಗಾರರು ಐದಾರನೇ ಇನ್ನಿಂಗ್ಸ್‌ನಲ್ಲಿ ಫೌಲ್ ಲೈನ್ ಪಕ್ಕ ನಡೆದು ಹೊರಡುತ್ತಾರೆ. ಆಗ ಅವರಿಗೆ ಅವಸರ ಇರುವುದಿಲ್ಲ.

ಕ್ರಿಕೆಟ್ ಕಣ್ಣಿಗೆ ಎರಡು ಮಾತು

ಜೊತೆಗೆ ಬಂದ ಹಿರಿಯರಿಗೆ ಆಟ ಪೂರ್ತಿ ವಿವರಿಸಲು ಹೋಗಬೇಡಿ. ಮೂವರು ಔಟಾದರೆ ಅರ್ಧ ಇನ್ನಿಂಗ್ಸ್ ಮುಗಿಯಿತು, ಒಂದೊಂದು ತಂಡಕ್ಕೂ ಹಾಗೆ ಒಂಬತ್ತು ಸಲ, ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಇಷ್ಟು ಸಾಕು. ಇಲ್ಲಿ ಒಂಬತ್ತು ಮುಗಿದಾಗ ಸಮ ಇದ್ದರೆ ಸಮವೇ, ಎಲ್ಲರೂ ಮನೆಗೆ. ಅಸಲಿ ಸೀಸನ್‌ನಲ್ಲಿ ಹಾಗೆ ಬಿಡುವುದಿಲ್ಲ.

ಹೊಸ ನಿಯಮಗಳನ್ನು ಮೊದಲು ಇಲ್ಲಿ ಪರೀಕ್ಷೆ ಮಾಡುವುದೂ ಉಂಟು. 2023ರಲ್ಲಿ ಪಿಚ್ ಕ್ಲಾಕ್ (ಪಿಚರ್, ಬ್ಯಾಟರ್ ಇಷ್ಟು ಸೆಕೆಂಡಿನೊಳಗೆ ತಯಾರಾಗಬೇಕು ಎಂದು ಎಣಿಸುವ ಗಡಿಯಾರ) ಬಂದಾಗ, ಫ್ಲೋರಿಡಾದಲ್ಲಿ ಬ್ರೇವ್ಸ್–ರೆಡ್ ಸಾಕ್ಸ್ ಪಂದ್ಯ 6–6ರಲ್ಲಿತ್ತು. ಕೊನೇ ಇನ್ನಿಂಗ್ಸ್, ಮೂರು ಬೇಸ್‌ಗಳೂ ತುಂಬಿವೆ, ಇಬ್ಬರು ಔಟು. ಬ್ರೇವ್ಸ್‌ನ ಬ್ಯಾಟರ್ ಸಮಯಕ್ಕೆ ಸರಿಯಾಗಿ ತಯಾರಾಗಲಿಲ್ಲ ಎಂದು ಅಂಪೈರ್ ಮೂರನೇ ಸ್ಟ್ರೈಕ್ (ಅಂದರೆ ಔಟು) ಕೊಟ್ಟು ಪಂದ್ಯವನ್ನೇ ಮುಗಿಸಿದರು. ಚೆಂಡು ಎಸೆಯಲೇ ಇಲ್ಲ. 2025ರಲ್ಲಿ ಚೆಂಡು ಸ್ಟ್ರೈಕೋ ಅಲ್ಲವೋ ಎಂದು ಯಂತ್ರದಿಂದ ನೋಡುವ ಪದ್ಧತಿಯನ್ನು ಹಲವು ಸ್ಟೇಡಿಯಂಗಳಲ್ಲಿ ಪರೀಕ್ಷಿಸಿದರು. ಆಟಗಾರ ತಲೆ ತಟ್ಟಿಕೊಂಡರೆ ಅದು ಅಪೀಲು, ತಂಡಕ್ಕೆ ಎರಡು ಅವಕಾಶ. ಡಿಆರ್‌ಎಸ್ ನೋಡಿ ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ದೊಡ್ಡ ಹೆಸರುಗಳು ಹೋದ ಮೇಲೂ ಕೂತಿರಿ. ಶಿಬಿರಕ್ಕೆ ಅರವತ್ತಕ್ಕೂ ಹೆಚ್ಚು ಜನ ಬಂದಿರುತ್ತಾರೆ, ಸೀಸನ್ ಶುರುವಾಗುವಾಗ ತಂಡದಲ್ಲಿ ಉಳಿಯುವುದು 26 ಮಂದಿ. ಎಂಟನೇ ಇನ್ನಿಂಗ್ಸ್‌ನಲ್ಲಿ ಡೈವ್ ಹೊಡೆದು ಚೆಂಡು ಹಿಡಿಯುವ ಆ 94ನೇ ನಂಬರಿನ ಹುಡುಗನಿಗೆ ಇದು ನೆಟ್ಸ್ ಅಲ್ಲ, ಕೆಲಸದ ಇಂಟರ್‌ವ್ಯೂ.

ಚೆಂಡು ನಿಮ್ಮ ಕಡೆ ಬಂದರೆ ಬರಿಗೈಯಲ್ಲಿ ಹಿಡಿಯುವ ಕ್ರಿಕೆಟ್ ಚಪಲ ಬೇಡ. ಬೇಸ್‌ಬಾಲ್ ನಮ್ಮ ಚೆಂಡಿಗಿಂತ ಸ್ವಲ್ಪ ಹಗುರ, ಸುಮಾರು 145 ಗ್ರಾಂ. ಆದರೆ ಬರುವ ವೇಗಕ್ಕೆ ಬೆರಳು ಮುರಿಯಲು ಅಷ್ಟು ಸಾಕು. ಫೋನ್ ನೋಡುತ್ತಾ ಕೂರುವುದಾದರೆ ಬಲೆಯ ಹಿಂದಿನ ಸೀಟನ್ನೇ ಕೊಳ್ಳಿ.

ಬಂದು ಹೋಗುವ ಲೆಕ್ಕ

ಕಾರು ಬೇಕೇ ಬೇಕು. ಹೊರಗಿನಿಂದ ಬರುವವರು ಟೆಂಪಿಯಲ್ಲಿ ಉಳಿದುಕೊಳ್ಳಿ, ಪೂರ್ವದ ಸ್ಟೇಡಿಯಂಗಳು ಹತ್ತಿರ, ವಿಮಾನ ನಿಲ್ದಾಣವೂ ಹತ್ತಿರ. ಕಾರಿಲ್ಲದೆ ಒಂದೇ ಪಂದ್ಯ ನೋಡಿ ಹೋಗುವವರಿಗೆ ಸ್ಕಾಟ್ಸ್‌ಡೇಲ್ ಸ್ಟೇಡಿಯಂ ವಾಸಿ, ಅದು ಓಲ್ಡ್ ಟೌನ್ ಪೇಟೆಗೆ ಅಂಟಿಕೊಂಡೇ ಇದೆ, ಹೋಟೆಲಿಂದ ನಡೆದೇ ಹೋಗಬಹುದು.

ಕ್ಯಾಲಿಫೋರ್ನಿಯಾದವರಿಗೆ ಗಡಿಯಾರದ ಎಚ್ಚರಿಕೆ. ಅರಿಜೋನಾದ ಈ ಭಾಗದಲ್ಲಿ ಗಡಿಯಾರ ಮುಂದೆ ಹಾಕುವ ಪದ್ಧತಿ ಇಲ್ಲ. ಹಾಗಾಗಿ ಮಾರ್ಚ್ ಎರಡನೇ ಭಾನುವಾರದವರೆಗೆ ಫೀನಿಕ್ಸ್ ನಿಮಗಿಂತ ಒಂದು ಗಂಟೆ ಮುಂದೆ, ಆಮೇಲೆ ಎರಡೂ ಒಂದೇ. ನನ್ನ ಗೆಳೆಯನೊಬ್ಬ ಸ್ಯಾನ್ ಡಿಯಾಗೋದಿಂದ ಕಾರು ಓಡಿಸಿಕೊಂಡು ಬಂದು, ಸರಿಯಾದ ಸಮಯಕ್ಕೆ ಬಂದೆ ಎಂದು ಮೀಸೆ ತಿರುವಿ ಒಳಗೆ ಹೋದಾಗ ನಾಲ್ಕನೇ ಇನ್ನಿಂಗ್ಸ್ ನಡೆಯುತ್ತಿತ್ತು.

ಕಾರಿನ ಗಾಜಿಗೆ ಬಿಸಿಲಿನ ಅಡ್ಡ ಹಾಳೆ ಇಟ್ಟು ಹೋಗಿ, ಇಲ್ಲದಿದ್ದರೆ ಸ್ಟೇರಿಂಗ್ ಕಾದ ಹಂಚು. ಪಂದ್ಯ ಮುಗಿದ ಕೂಡಲೇ ಪಾರ್ಕಿಂಗ್‌ಗೆ ಓಡಬೇಡಿ, ಸಾಲು ಅಲುಗಾಡುವುದಿಲ್ಲ. ಇಪ್ಪತ್ತು ನಿಮಿಷ ನೆರಳಲ್ಲಿ ಕೂತು, ಪೊಟ್ಟಣದಲ್ಲಿ ಉಳಿದ ಕಡಲೆಕಾಯಿ ಮುಗಿಸಿ ಎದ್ದರೆ ದಾರಿ ಖಾಲಿಯಾಗಿರುತ್ತದೆ.